ಮುಂಚಿತವಾಗಿ ತಿಳಿಸಿದ ಸುದ್ದಿ

ಪತ್ರಿಕೆಯ ಕಚೇರಿಯಲ್ಲಿ ಕೆಲಕಾಲವಾದರೂ ಕುಳಿತವರಿಗೆ ಒಬ್ಬ ಅತಿಥಿಯ ಪರಿಚಯ ಇದ್ದೇ ಇರುತ್ತದೆ. ಸಂಜೆ ಐದರ ಸುಮಾರಿಗೆ, ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದ ಆಯಾಸದೊಂದಿಗೆ, ಕೈಯಲ್ಲಿ ಮೂಲೆಗಳಿಗೆ ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆಯೊಂದನ್ನು ಹಿಡಿದು ಆತ ಬಾಗಿಲಲ್ಲಿ ನಿಲ್ಲುತ್ತಾನೆ. ಯಾವುದೋ ಊರಿನ ಯಾವುದೋ ಸಂಘದ ಕಾರ್ಯದರ್ಶಿ. "ನಾಳೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ ಸಾರ್, ಸ್ವಲ್ಪ ದೊಡ್ಡದಾಗಿ ಬರೆಯಬೇಕು" ಎನ್ನುತ್ತಾನೆ. ಆ ದನಿಯಲ್ಲಿರುವ ವಿನಯಕ್ಕೆ ಕರಗದವರಿಲ್ಲ. ಆದರೆ ಕರಗಿದ ಮನಸ್ಸು ಮಾಡಬಹುದಾದದ್ದು ಬಹಳ ಸ್ವಲ್ಪ. ದಿನಪತ್ರಿಕೆಯಾದರೆ 'ಇಂದಿನ ಕಾರ್ಯಕ್ರಮಗಳು' ಎಂಬ ಅಂಕಣದಲ್ಲಿ ಮೂರು ಸಾಲು. ವಾರಪತ್ರಿಕೆಯಾದರೆ ಅದೂ ಇಲ್ಲ. ಏಕೆಂದರೆ ಆತ ಬಂದು ನಿಂತ ಹೊತ್ತಿಗೆ ಆ ವಾರದ ಸಂಚಿಕೆ ಅಚ್ಚಾಗಿ, ಕಟ್ಟುಗಳಾಗಿ, ಊರೂರಿಗೆ ಹೊರಟುಹೋಗಿರುತ್ತದೆ.

ನಾನು ವಾರಪತ್ರಿಕೆಯೊಂದರ ಸಂಪಾದಕ ವಿಭಾಗದಲ್ಲಿದ್ದಾಗ ಹೀಗೆ ಬಂದವರಲ್ಲಿ ಒಬ್ಬರು ಇಂದಿಗೂ ನೆನಪಿನಲ್ಲಿದ್ದಾರೆ. ಅವರ ಸಂಘ ತಮ್ಮ ಹೋಬಳಿಯ ಒಬ್ಬ ಮುದುಕಿಯನ್ನು ಸನ್ಮಾನಿಸಲು ಹೊರಟಿತ್ತು. ಆಕೆಗೆ ಅಕ್ಷರ ಬಾರದು. ಆದರೆ ಮದುವೆಯ ಚಪ್ಪರ ಹಾಕುವ ದಿನದಿಂದ ಹೆಣ್ಣನ್ನು ಒಪ್ಪಿಸಿಕೊಡುವ ದಿನದವರೆಗೆ ಒಂದೊಂದು ಶಾಸ್ತ್ರಕ್ಕೂ ಬೇರೆ ಬೇರೆ ಸೋಬಾನೆ ಪದ ಆಕೆಗೆ ಬಾಯಿಪಾಠವಂತೆ. ಹಾಡಲು ಕುಳಿತರೆ ಬೆಳಗಾಗುವವರೆಗೆ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲವಂತೆ. ಕಾರ್ಯದರ್ಶಿ ಇದನ್ನು ಹೇಳುತ್ತಿದ್ದಂತೆ ನಮ್ಮ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದರೆಂದರೆ ವಿಷಯ ಅವರಿಗೆ ಹಿಡಿಸಿತೆಂದೇ ಅರ್ಥ. "ಇದನ್ನು ಒಂದು ತಿಂಗಳು ಮುಂಚೆ ಹೇಳಬಾರದಾಗಿತ್ತೆ ಮೇಷ್ಟ್ರೇ?" ಎಂದು ಕೇಳಿದರು. "ಕಾರ್ಯಕ್ರಮ ನಾಳೆ ತಾನೆ ಸಾರ್, ಮೊದಲೇ ಹೇಳಿದರೆ ನೀವು ಮರೆತೀರಿ ಅಂತ" ಎಂದರು ಅವರು. ಸನ್ಮಾನ ನಡೆಯಿತು. ಒಂದು ದಿನಪತ್ರಿಕೆಯಲ್ಲಿ ಮೂರು ಸಾಲು ಬಂದಿತು, ಅದರಲ್ಲೂ ಆಕೆಯ ಹೆಸರು ತಪ್ಪಾಗಿತ್ತು. ಈ ಮುದುಕಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಸುದ್ದಿ ಎಂದರೆ ಹಠಾತ್ತಾಗಿ ಆಗುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಭೂಕಂಪ, ಅಪಘಾತ, ಮಂತ್ರಿಯ ರಾಜೀನಾಮೆ ಇವು ಹಾಗೆ ಬರುತ್ತವೆ, ನಿಜ. ಆದರೆ ಯಾವುದಾದರೂ ಒಂದು ದಿನದ ಪತ್ರಿಕೆಯನ್ನು ಪೆನ್ಸಿಲು ಹಿಡಿದು ಓದಿ, ಮೊದಲೇ ದಿನಾಂಕ ಗೊತ್ತಿದ್ದ ಸುದ್ದಿಗಳಿಗೆಲ್ಲ ಒಂದೊಂದು ಗೆರೆ ಹಾಕುತ್ತ ಬನ್ನಿ. ವಿಧಾನಮಂಡಲದ ಅಧಿವೇಶನ, ಆಯವ್ಯಯ ಪತ್ರ, ಪರೀಕ್ಷೆಯ ಫಲಿತಾಂಶ, ಕ್ರಿಕೆಟ್ ಪಂದ್ಯ, ಪುಸ್ತಕ ಬಿಡುಗಡೆ, ಜಾತ್ರೆ, ಜಯಂತಿ, ಗ್ರಹಣ ಎಂದು ಪುಟಗಳು ಗೆರೆಗಳಿಂದಲೇ ತುಂಬಿಹೋದಾವು. ಇವೆಲ್ಲ ನಡೆಯುವುದು ಒಂದು ದಿನವಾದರೂ ಗೊತ್ತಿರುವುದು ಬಹಳ ದಿನಗಳಿಂದ.

ಜನ್ಮಶತಮಾನೋತ್ಸವವನ್ನೇ ತೆಗೆದುಕೊಳ್ಳಿ. ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು, ಕಾರಂತರು 1902ರ ಅಕ್ಟೋಬರ್ 10ರಂದು, ಕುವೆಂಪು ಅವರು 1904ರ ಡಿಸೆಂಬರ್ 29ರಂದು. ಇವರ ನೂರನೆಯ ಹುಟ್ಟುಹಬ್ಬ ಎಂದು ಬರುತ್ತದೆಂಬುದನ್ನು ತಿಳಿಯಲು ಯಾವ ಜ್ಯೋತಿಷಿಯೂ ಬೇಕಿರಲಿಲ್ಲ. ನೂರು ವರ್ಷ ಮುಂಚಿತವಾಗಿ ಗೊತ್ತಿರುವ ಇಂಥ ದಿನಗಳ ವಿಷಯದಲ್ಲಿಯೂ ಊರಿನ ಸಂಘದ ಪತ್ರ ಮೂರು ದಿನ ಮುಂಚೆ ಪತ್ರಿಕೆಯ ಕಚೇರಿಯನ್ನು ಮುಟ್ಟುವುದು ನಮ್ಮ ಸಾರ್ವಜನಿಕ ಜೀವನದ ಒಂದು ವಿಸ್ಮಯ. ಡಿಸೆಂಬರ್ 29 ಎಂಬ ದಿನಾಂಕದಲ್ಲಿಯಂತೂ ಇನ್ನೊಂದು ತೊಡಕಿದೆ. ವರ್ಷಾಂತ್ಯದ ಸಂಚಿಕೆಯಲ್ಲಿ ಕಳೆದ ವರ್ಷದ ಸಿಂಹಾವಲೋಕನವೇ ಪುಟಗಳನ್ನು ನುಂಗಿಬಿಡುತ್ತದೆ. ಆ ದಿನಕ್ಕೆ ಬರವಣಿಗೆ ಬೇಕೆನ್ನುವವರು ದೀಪಾವಳಿಯ ಪಟಾಕಿ ಸದ್ದು ಅಡಗುವ ಮೊದಲೇ ಮಾತು ತೆಗೆಯಬೇಕು.

ಪತ್ರಿಕೆಗೆ ಅಷ್ಟೊಂದು ಸಮಯ ಏಕೆ ಬೇಕು ಎಂದು ಕೇಳಬಹುದು. ಹೊರಗಿನವರಿಗೆ ಕಾಣುವುದು ಸಂಚಿಕೆಯ ಮೇಲಿನ ದಿನಾಂಕ. ಒಳಗಿನವರ ಪಂಚಾಂಗವೇ ಬೇರೆ. ವಾರಪತ್ರಿಕೆಯ ಮೇಲೆ ಅಚ್ಚಾಗುವ ದಿನಾಂಕ ಸಾಮಾನ್ಯವಾಗಿ ಅದು ಅಂಗಡಿಗೆ ಬರುವ ದಿನಕ್ಕಿಂತ ಮುಂದಿನದು. ಅಂಗಡಿಗೆ ಬರುವುದಕ್ಕೆ ಎಷ್ಟೋ ದಿನ ಮೊದಲು ಅದರ ಕೊನೆಯ ಪುಟ ಅಚ್ಚಿಗೆ ಹೋಗಿರುತ್ತದೆ. ಕೊನೆಯ ಪುಟಕ್ಕಿಂತ ಮೊದಲು ಬಣ್ಣದ ಪುಟಗಳು, ಅವುಗಳಿಗಿಂತ ಮೊದಲು ಮುಖಪುಟ. ಬರೆಯುವವರಿಗೆ ಬರೆಯಲು, ಚಿತ್ರಕಾರರಿಗೆ ಚಿತ್ರ ತೆಗೆಯಲು, ಸಂಪಾದಕರಿಗೆ ಓದಿ ತಿದ್ದಲು ಹಿಡಿಯುವ ಸಮಯವನ್ನು ಹಿಂದಕ್ಕೆ ಹಿಂದಕ್ಕೆ ಎಣಿಸುತ್ತ ಹೋದರೆ ಮೂರು ನಾಲ್ಕು ವಾರಗಳು ಸುಲಭವಾಗಿ ಕರಗುತ್ತವೆ. ದಿನಪತ್ರಿಕೆಯಲ್ಲಿಯೂ ಎಲ್ಲ ಪುಟಗಳ ವಯಸ್ಸು ಒಂದೇ ಅಲ್ಲ. ಮುಖಪುಟಕ್ಕೆ ನಡುರಾತ್ರಿಯವರೆಗೂ ಬಾಗಿಲು ತೆರೆದಿರಬಹುದು. ಭಾನುವಾರದ ಪುರವಣಿಯ ಬಾಗಿಲು ವಾರದ ನಡುವಿನಲ್ಲಿಯೇ ಮುಚ್ಚಿಕೊಳ್ಳುತ್ತದೆ. ಇನ್ನು ವಿಶೇಷಾಂಕಗಳೋ, ದೀಪಾವಳಿಯ ಸಂಚಿಕೆಗೆ ಕಥೆ ಕವನಗಳನ್ನು ಕೇಳುವ ಪ್ರಕಟಣೆ ಹೊರಬೀಳುವಾಗ ಹೊರಗೆ ಮಳೆ ಸುರಿಯುತ್ತಿರುತ್ತದೆ. ಮರಾಠಿಯಲ್ಲಿ 1909ರಲ್ಲಿ 'ಮನೋರಂಜನ' ಪತ್ರಿಕೆ ತನ್ನ ದೀಪಾವಳಿ ಸಂಚಿಕೆಯನ್ನು ತಂದಂದಿನಿಂದ ಇಂದಿನವರೆಗೆ ಈ ಬಗೆಯ ಸಂಚಿಕೆಗಳೆಲ್ಲ ಹಣತೆಯ ಬೆಳಕಿನಲ್ಲಿ ಓದಿಸಿಕೊಳ್ಳುವುದಕ್ಕಾಗಿ ಮೋಡದ ಕತ್ತಲೆಯಲ್ಲಿ ಸಿದ್ಧವಾದವುಗಳೇ. ರೇಡಿಯೋದ ಕ್ರಮವೂ ಹೀಗೆಯೇ. ಈಗ ನಾನು ನಿಮ್ಮೊಡನೆ ಆಡುತ್ತಿರುವ ಈ ಮಾತನ್ನು ಆಡಲು ಬಂದ ಕರೆ ಎಷ್ಟೋ ವಾರಗಳ ಹಿಂದಿನದು.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಹಿಂದೆ ಸುದ್ದಿ ಸಾಗಲು ಸಮಯ ಬೇಕಾಗಿತ್ತು, ಈಗ ಆ ತೊಂದರೆ ಇಲ್ಲವಲ್ಲ ಎನ್ನುವವರಿದ್ದಾರೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಾಗ ಅದು ಹದಿನೈದು ದಿನಕ್ಕೊಮ್ಮೆ ಬರುವ ಕಲ್ಲಚ್ಚಿನ ಹಾಳೆ. ಅದನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರಿಗೆ ಸುದ್ದಿ ಬರುತ್ತಿದ್ದುದು ಅಂಚೆಯವನ ಕಾಲ್ನಡಿಗೆಯಲ್ಲಿ, ಹಡಗಿನಲ್ಲಿ. ಅನಂತರ ತಂತಿ ಬಂದಿತು. ಭಾರತದ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಇಮೇಲ್, ವಾಟ್ಸಾಪುಗಳಿಂದ ಫೋಟೋ ಸಮೇತ ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ಬಂದು ಬೀಳುತ್ತದೆ. ಆದರೆ ಕಡಿಮೆಯಾದದ್ದು ಸುದ್ದಿ ದಾರಿಯಲ್ಲಿ ಕಳೆಯುತ್ತಿದ್ದ ಕಾಲ ಮಾತ್ರ. ಬರೆಯುವವನು ಊರಿಗೆ ಹೋಗಿ, ಜಗಲಿಯ ಮೇಲೆ ಕುಳಿತು, ನಾಲ್ವರನ್ನು ಮಾತನಾಡಿಸಿ, ಕೇಳಿದ್ದು ನಿಜವೇ ಎಂದು ನೋಡಿ, ಮನಸ್ಸಿನಲ್ಲಿ ಹದ ಮಾಡಿಕೊಂಡು ಬರೆಯಲು ಬೇಕಾದ ಕಾಲ ಮೋಗ್ಲಿಂಗರ ಕಾಲದಲ್ಲಿ ಎಷ್ಟಿತ್ತೋ ಇಂದೂ ಅಷ್ಟೇ ಇದೆ. ಅಕ್ಕಿ ಅಂಗಡಿಯಿಂದ ಬೇಗ ಬಂದಿತೆಂದು ಅನ್ನ ಬೇಗ ಬೇಯುವುದಿಲ್ಲ. ಹಿಂದಿನ ದಿನ ಬಂದ ಸುದ್ದಿಯಿಂದ ಪ್ರಕಟಣೆ ಹುಟ್ಟುತ್ತದೆ. ಹಿಂದಿನ ತಿಂಗಳು ಬಂದ ಸುದ್ದಿಯಿಂದ ಬರವಣಿಗೆ ಹುಟ್ಟುತ್ತದೆ. ಎರಡರ ನಡುವಿನ ಅಂತರವನ್ನು ಯಂತ್ರ ತುಂಬಲಾರದು.

ಮುಂಚಿತವಾದ ಸಿದ್ಧತೆ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಎವರೆಸ್ಟ್ ಶಿಖರದ ಸುದ್ದಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. 1953ರಲ್ಲಿ ಬ್ರಿಟಿಷರ ತಂಡ ಹಿಮಾಲಯಕ್ಕೆ ಹೊರಟಾಗ ಅದರ ವರದಿಯ ಹಕ್ಕನ್ನು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಪಡೆದಿತ್ತು. ಶಿಖರ ಏರುತ್ತಾರೋ ಇಲ್ಲವೋ, ಏರಿದರೂ ಯಾವ ದಿನವೋ, ಯಾರಿಗೂ ಗೊತ್ತಿಲ್ಲ. ಆದರೂ ಪತ್ರಿಕೆ ತಂಡದ ಜೊತೆಯಲ್ಲಿ ತನ್ನ ವರದಿಗಾರನನ್ನು ಕಳುಹಿಸಿತು. ಮುಂದೆ ಜ್ಯಾನ್ ಮಾರಿಸ್ ಎಂಬ ಹೆಸರಿನಿಂದ ಪ್ರವಾಸ ಸಾಹಿತ್ಯದಲ್ಲಿ ಪ್ರಸಿದ್ಧರಾದ ಜೇಮ್ಸ್ ಮಾರಿಸ್ ಆ ವರದಿಗಾರ, ಆಗಿನ್ನೂ 26ರ ಪ್ರಾಯ. ಬೇರೆ ಪತ್ರಿಕೆಗಳವರೂ ನೇಪಾಳದಲ್ಲಿ ಸುದ್ದಿಗಾಗಿ ಹೊಂಚುಹಾಕಿ ಕುಳಿತಿದ್ದರು. ದಾರಿಯಲ್ಲಿ ಸುದ್ದಿ ಸೋರಿಹೋಗುವ ಭಯ. ಅದಕ್ಕಾಗಿ ಮೊದಲೇ ಒಂದು ಗುಪ್ತಭಾಷೆಯನ್ನು ಗೊತ್ತುಮಾಡಿಕೊಂಡಿದ್ದರು. ಹಿಮದ ಸ್ಥಿತಿ ಕೆಟ್ಟಿದೆ ಎಂದರೆ ಶಿಖರ ಏರಿದ್ದಾಯಿತು ಎಂದು ಅರ್ಥ. ಮುಂದಿನ ಶಿಬಿರವನ್ನು ತೊರೆಯಲಾಗಿದೆ ಎಂದರೆ ಹಿಲರಿ. ಸುಧಾರಣೆಗಾಗಿ ಕಾಯಲಾಗುತ್ತಿದೆ ಎಂದರೆ ತೇನಸಿಂಗ್. ತಂಡದ ಒಬ್ಬೊಬ್ಬರಿಗೂ ಒಂದೊಂದು ಸಪ್ಪೆ ವಾಕ್ಯ.

ಮೇ 29ರಂದು ಹಿಲರಿ ಮತ್ತು ತೇನಸಿಂಗ್ ತುದಿಯನ್ನು ಮುಟ್ಟಿದರು. ಮರುದಿನ ಮಧ್ಯಾಹ್ನ ಅವರಿಬ್ಬರೂ ಕೆಳಗಿನ ಶಿಬಿರಕ್ಕೆ ಇಳಿದು ಬಂದಾಗ ಮಾರಿಸ್ ಅಲ್ಲಿಯೇ ಇದ್ದರು. ಪರ್ವತಾರೋಹಣದ ಅಭ್ಯಾಸವಿಲ್ಲದ ಆ ಮನುಷ್ಯ ಅಂದೇ ಕತ್ತಲಾಗುತ್ತಿದ್ದಂತೆ ಬಿರುಕುಬಿಟ್ಟ ಹಿಮಪ್ರವಾಹವನ್ನು ದಾಟಿ ತಳದ ಶಿಬಿರಕ್ಕೆ ಇಳಿದು, ಸಂಕೇತದ ಸಾಲುಗಳನ್ನು ಬರೆದು ಓಟಗಾರನೊಬ್ಬನ ಕೈಗೆ ಕೊಟ್ಟರು. ಓಟಗಾರ ನಾಮ್ಚೆ ಬಜಾರಿಗೆ ಓಡಿದ. ಅಲ್ಲಿ ಭಾರತದ ಪೊಲೀಸರ ಒಂದು ನಿಸ್ತಂತು ಠಾಣೆಯಿತ್ತು. ಓದಿದವರಿಗೆ ಸೋಲಿನ ವಾರ್ತೆಯಂತೆ ಕಾಣುವ ಆ ಸಂದೇಶ ಅಲ್ಲಿಂದ ಕಠ್ಮಂಡುವಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿ ಜೂನ್ 1ರಂದು ಮುಟ್ಟಿತು. ಜೂನ್ 2ರ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ. ಅಂದೇ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ರಾಜಬೀದಿಯಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಜನ ಒಂದೇ ಬೆಳಿಗ್ಗೆ ಎರಡು ಸಂಭ್ರಮಗಳನ್ನು ಕಂಡರು. ಇದನ್ನು ಕೇಳಿದವರು ಎಂಥ ಅದೃಷ್ಟ ಎನ್ನುತ್ತಾರೆ. ದಿನ ಕೂಡಿಬಂದದ್ದು ಅದೃಷ್ಟವಿರಬಹುದು. ಆದರೆ ಸಂಕೇತ, ಓಟಗಾರ, ಕಾದು ಕುಳಿತ ಸಂಪಾದಕರು ಇವೆಲ್ಲ ಮೊದಲೇ ಮಾಡಿಟ್ಟ ಏರ್ಪಾಡು. ಹಠಾತ್ತಾಗಿ ಬಂದಂತೆ ತೋರುವ ಸುದ್ದಿಯ ಹಿಂದೆಯೂ ಎಷ್ಟೋ ಸಲ ಇಂಥ ಬಿತ್ತನೆ ನಡೆದಿರುತ್ತದೆ.

ಈಗ ಎವರೆಸ್ಟಿನಿಂದ ಇಳಿದು ನಮ್ಮ ಕಾರ್ಯದರ್ಶಿಯ ಬಳಿಗೆ ಬರೋಣ. ಹಿಮಾಲಯದ ಮಾತು ಅವರಿಗೇಕೆ ಎನ್ನಿಸಬಹುದು. ಕಾರಣವಿದೆ. ಮುಂಚಿತವಾಗಿ ಹೇಳುವ ವಿದ್ಯೆಯನ್ನು ಲೋಕದಲ್ಲಿ ಬಲ್ಲವರು ಯಾರು? ದೊಡ್ಡ ಸಂಸ್ಥೆಗಳು. ಚಲನಚಿತ್ರದ ನಿರ್ಮಾಪಕರು, ಹೊಸ ಕಾರು ತಯಾರಿಸುವವರು, ರಾಜಕೀಯ ಪಕ್ಷಗಳು. ಇದಕ್ಕೆಂದೇ ಅವರಲ್ಲಿ ಸಂಬಳದ ಜನರಿದ್ದಾರೆ. ಮೂರು ತಿಂಗಳ ಮುಂಚೆ ಒಂದು ಪತ್ರ, ಒಂದು ತಿಂಗಳ ಮುಂಚೆ ಚಿತ್ರಗಳು, ವಾರದ ಮುಂಚೆ ಒಂದು ಟೆಲಿಫೋನು ಕರೆ, ಹೀಗೆ ಅವರ ಕೆಲಸ ಗಡಿಯಾರದಂತೆ ನಡೆಯುತ್ತದೆ. ಸಂಪಾದಕರು ಮುಂದಿನ ತಿಂಗಳ ಪುಟಗಳನ್ನು ಯೋಚಿಸಲು ಕುಳಿತಾಗ ಮೇಜಿನ ಮೇಲೆ ಇರುವುದು ಅವರ ಕಾಗದಗಳೇ. ಇಪ್ಪತ್ತು ವರ್ಷ ಒಂದೇ ಗರಡಿಯನ್ನೋ ಗ್ರಂಥಾಲಯವನ್ನೋ ನಡೆಸಿಕೊಂಡು ಬಂದ ಊರಿನವರ ಕಾಗದ ಅಲ್ಲಿರುವುದಿಲ್ಲ. ಪುಟ ತುಂಬಿದ ಮೇಲೆ ಅವರು ಬರುತ್ತಾರೆ, ಜಾಗವಿಲ್ಲವೆಂಬ ಮಾತನ್ನು ಕೇಳುತ್ತಾರೆ, ಪತ್ರಿಕೆಯವರು ದೊಡ್ಡವರ ಪಕ್ಷಪಾತಿಗಳೆಂದು ನೊಂದುಕೊಂಡು ಹೋಗುತ್ತಾರೆ. ಪಕ್ಷಪಾತವೇ ಇಲ್ಲವೆಂದು ನಾನು ಹೇಳಲಾರೆ. ಜಾಹೀರಾತಿನ ಋಣ ಎಲ್ಲ ಪತ್ರಿಕೆಗಳ ತಲೆಯ ಮೇಲೂ ಇರುತ್ತದೆ. ಆದರೆ ಪಕ್ಷಪಾತವೆಂದು ಕಂಡದ್ದರಲ್ಲಿ ಬಹುಪಾಲು ಬರಿಯ ಕಾಲದ ಲೆಕ್ಕ. ಮೊದಲು ಬಂದವನಿಗೆ ಮಣೆ ಸಿಕ್ಕಿತು, ಅಷ್ಟೆ. ಹಣವಿಲ್ಲದವರು ದೊಡ್ಡವರಿಗೆ ಸರಿಸಮನಾಗಿ ನಿಲ್ಲಬಹುದಾದ ಒಂದೇ ಒಂದು ಸ್ಥಳ ಇದು. ಒಂದು ಅಂಚೆಯ ಲಕೋಟೆಯಷ್ಟೇ ಅದರ ವೆಚ್ಚ.

ಅಂಥ ಒಂದು ಲಕೋಟೆಯ ವಿಷಯ ಹೇಳುತ್ತೇನೆ. ಒಂದು ವರ್ಷ ವಿಜಯದಶಮಿ ಕಳೆದ ವಾರ ನಮ್ಮ ಕಚೇರಿಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರಿಂದ ಪತ್ರ ಬಂದಿತು. ಗೆರೆ ಎಳೆದ ಹಾಳೆಯಲ್ಲಿ ಒಂದೂವರೆ ಪುಟ. ಮುಂದಿನ ಶಿವರಾತ್ರಿಯ ರಾತ್ರಿ ತಮ್ಮ ಊರಿನಲ್ಲಿ ತೊಗಲುಗೊಂಬೆಯಾಟ ನಡೆಯಲಿದೆ. ಆಡಿಸುವವರ ಮನೆಯಲ್ಲಿ ಇದು ನಾಲ್ಕನೆಯ ತಲೆಮಾರು. ಗೊಂಬೆಗಳಲ್ಲಿ ಕೆಲವು ಈಗಿರುವ ಯಜಮಾನನ ಮುತ್ತಜ್ಜ ಕೊರೆದವು. ಯಜಮಾನನ ಮಗ ಪಟ್ಟಣದ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಹಬ್ಬಕ್ಕೆ ಮಾತ್ರ ಬರುತ್ತಾನೆ. ಆದ್ದರಿಂದ ತಂದೆ ಮಗ ಇಬ್ಬರೂ ಪರದೆಯ ಹಿಂದೆ ಕೂಡುವುದು ವರ್ಷಕ್ಕೆ ಅದೊಂದೇ ರಾತ್ರಿ. ಇಷ್ಟು ಬರೆದು ಕೊನೆಯಲ್ಲಿ, ಸಂಕ್ರಾಂತಿಯ ಹೊತ್ತಿಗೆ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿ ರಿಪೇರಿ ಮಾಡುತ್ತಾರೆಂದೂ, ಆಗ ಬಂದರೆ ಹಗಲಿನ ಬೆಳಕಿನಲ್ಲಿ ನೋಡಬಹುದೆಂದೂ, ಕೊನೆಯ ಬಸ್ಸು ಸಂಜೆ ಆರಕ್ಕೆ ಹೊರಡುವುದೆಂದೂ, ತಪ್ಪಿದರೆ ತಮ್ಮ ಮನೆಯಲ್ಲಿ ಉಳಿದುಕೊಳ್ಳಬಹುದೆಂದೂ ತಿಳಿಸಿದ್ದರು.

ಪತ್ರಿಕೆಗೆ ವಿಷಯ ಸೂಚಿಸುವುದು ಹೇಗೆಂದು ಯಾರಾದರೂ ನನ್ನನ್ನು ಕೇಳಿದರೆ ಆ ಪತ್ರವನ್ನೇ ತೋರಿಸುತ್ತಿದ್ದೆ. ಅದರಲ್ಲಿ ಹೊಗಳಿಕೆಯ ಒಂದು ಮಾತೂ ಇರಲಿಲ್ಲ. ಅದ್ಭುತ, ಅಪೂರ್ವ, ಅದ್ವಿತೀಯ ಎಂಬ ಪದಗಳನ್ನು ಸಂಪಾದಕರು ದಿನಕ್ಕೆ ನೂರು ಸಲ ಓದುತ್ತಾರೆ, ಅವು ಅವರ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಗ್ಯಾರೇಜಿಗೆ ಸೇರಿದ ಮಗ. ಪತ್ರ ಒಂದು ಕಾರ್ಯಕ್ರಮವನ್ನು ಹೇಳದೆ ಒಂದು ಕಥೆಯನ್ನು ಹೇಳಿತ್ತು. ಯಾವಾಗ ಬಂದರೆ ಏನು ಕಾಣುತ್ತದೆ ಎಂಬುದನ್ನು ಬರೆಯುವವನ ಕಣ್ಣಿನಿಂದ ನೋಡಿ ಹೇಳಿತ್ತು. ಬಸ್ಸಿನ ವೇಳೆಯನ್ನು ಬರೆದದ್ದು ಸಣ್ಣ ಸಂಗತಿಯಲ್ಲ, ಎಷ್ಟೋ ಲೇಖನಗಳು ಬಸ್ಸಿನ ವೇಳೆ ತಿಳಿಯದೆ ಹುಟ್ಟದೆ ಹೋಗಿವೆ. ಇನ್ನೊಂದು ಮಾತು: ಅದೇ ಪತ್ರವನ್ನು ಅವರು ಹತ್ತು ಪತ್ರಿಕೆಗಳಿಗೆ ಕಳುಹಿಸಿರಲಿಲ್ಲ. ನಿಮಗೆ ಬೇಡವಾದರೆ ತಿಳಿಸಿ, ಬೇರೆಯವರನ್ನು ಕೇಳುತ್ತೇನೆ ಎಂದು ಬರೆದಿದ್ದರು. ಮುಂಚಿತವಾಗಿ ಹೇಳುವವನಿಗೆ ಮಾತ್ರ ಈ ಸೌಜನ್ಯ ಸಾಧ್ಯ, ಏಕೆಂದರೆ ಉತ್ತರಕ್ಕಾಗಿ ಕಾಯಲು ಅವನಲ್ಲಿ ದಿನಗಳಿರುತ್ತವೆ. ಸಂಕ್ರಾಂತಿಗೆ ನಮ್ಮವರೊಬ್ಬರು ಹೋಗಿ ಬಂದರು. ಶಿವರಾತ್ರಿಯ ಹಿಂದಿನ ವಾರ ಚಿತ್ರಗಳೊಂದಿಗೆ ನಾಲ್ಕು ಪುಟಗಳ ಲೇಖನ ಬಂದಿತು. ಹಬ್ಬದ ರಾತ್ರಿ ಅಕ್ಕಪಕ್ಕದ ತಾಲ್ಲೂಕುಗಳಿಂದಲೂ ಜನ ಬಂದಿದ್ದರೆಂದು ಉಪಾಧ್ಯಾಯರು ಬರೆದರು.

ಕೆಲವು ಸುದ್ದಿಗಳಂತೂ ಮುಂಚಿತವಾಗಿ ಬಂದರೆ ಮಾತ್ರ ಉಪಯೋಗಕ್ಕೆ ಬರುತ್ತವೆ. 1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣ ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ನೆರಳಿನ ದಾರಿ ಉತ್ತರ ಕನ್ನಡದ ಕಡಲ ತೀರದಲ್ಲಿ ಭೂಮಿಗೆ ಹತ್ತಿ, ಹುಬ್ಬಳ್ಳಿ ರಾಯಚೂರುಗಳ ಸೀಮೆಯನ್ನು ಹಾದು ಆಂಧ್ರದ ಕಡೆಗೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಬಿಡಾರ ಹೂಡಿದ್ದರು. ಗಣಿತ ಬಲ್ಲವರಿಗೆ ಆ ದಿನ, ಆ ಗಳಿಗೆ, ಆ ದಾರಿ ಎಲ್ಲವೂ ಎಷ್ಟೋ ವರ್ಷ ಮೊದಲೇ ತಿಳಿದಿತ್ತು. ಆದರೂ ದೇಶದ ಎಷ್ಟೋ ಊರುಗಳ ಬೀದಿಗಳು ಆ ಮಧ್ಯಾಹ್ನ ಬರಿದಾಗಿದ್ದವು, ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಕಣ್ಣನ್ನು ಹೇಗೆ ಕಾಪಾಡಿಕೊಂಡು ನೋಡಬೇಕು, ಹೆದರಬೇಕಾದದ್ದು ಯಾವುದಕ್ಕೆ, ಯಾವುದಕ್ಕಲ್ಲ ಎಂಬ ತಿಳಿವಳಿಕೆ ಭಯಕ್ಕಿಂತ ಮೊದಲು ಮನೆಯನ್ನು ಹೊಕ್ಕರೆ ಮಾತ್ರ ಪ್ರಯೋಜನ. ಮರುದಿನದ ಪತ್ರಿಕೆಯಲ್ಲಿ ಎಷ್ಟು ಸೊಗಸಾದ ಚಿತ್ರ ಬಂದರೇನು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವಿದ್ಯಾರ್ಥಿವೇತನದ ಅರ್ಜಿ, ಕಣ್ಣಿನ ಚಿಕಿತ್ಸೆಯ ಶಿಬಿರ, ಬೀಜ ವಿತರಣೆ ಇಂಥ ಸುದ್ದಿಗಳೆಲ್ಲ ಇದೇ ಜಾತಿಯವು.

ಮುಂಚಿತವಾದ ಸುದ್ದಿಗೆ ಅಪಾಯಗಳಿಲ್ಲವೆಂದಲ್ಲ. ಆಗಬೇಕಾದದ್ದನ್ನು ಆಗಿದೆ ಎಂದು ಬರೆಯುವ ಅವಸರ ಅವುಗಳಲ್ಲಿ ಮೊದಲನೆಯದು. 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆ ಟ್ರೂಮನ್ನರನ್ನು ಡ್ಯೂಯಿ ಸೋಲಿಸಿದರೆಂದು ದಪ್ಪಕ್ಷರದಲ್ಲಿ ಅಚ್ಚುಮಾಡಿತು. ಅಚ್ಚುಕೂಟದ ನೌಕರರ ಮುಷ್ಕರದಿಂದಾಗಿ ಆ ಪತ್ರಿಕೆ ತನ್ನ ಪುಟಗಳನ್ನು ಎಂದಿಗಿಂತ ಹಲವು ಗಂಟೆ ಮೊದಲು ಸಿದ್ಧಪಡಿಸಬೇಕಾಗಿತ್ತು, ಮತ ಎಣಿಕೆ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಚಿತ್ರವನ್ನು ನೀವೂ ನೋಡಿರಬಹುದು. ನಮ್ಮಲ್ಲಿ ನಡೆದದ್ದು ನಗುವ ಸಂಗತಿಯಲ್ಲ. 1979ರ ಮಾರ್ಚಿನಲ್ಲಿ ಜಯಪ್ರಕಾಶ ನಾರಾಯಣರು ಮುಂಬಯಿಯ ಆಸ್ಪತ್ರೆಯಲ್ಲಿದ್ದಾಗ ಅವರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯಲ್ಲಿ ಹೇಳಿದರು. ರೇಡಿಯೋ ಅದನ್ನು ಬಿತ್ತರಿಸಿತು, ಶಾಲೆ ಅಂಗಡಿಗಳು ಮುಚ್ಚಿದವು. ಜಯಪ್ರಕಾಶರು ಬದುಕಿದ್ದರು. ಅವರು ನಿಧನರಾದದ್ದು ಅದೇ ವರ್ಷ ಅಕ್ಟೋಬರ್ 8ರಂದು. ಇದೇ ರೇಡಿಯೋದ ಮುಂದೆ ಕುಳಿತು ಇದನ್ನು ನೆನೆಯುವಾಗ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ಮುಂಚಿತವಾಗಿ ಬರೆಯುವವನು ಯಾವುದು ನಿಶ್ಚಯ, ಯಾವುದು ಅನುಮಾನ ಎಂಬುದನ್ನು ಬೇರೆ ಮಾಡಿ ಹೇಳಬೇಕು. ಅಧ್ಯಕ್ಷರು ಒಪ್ಪಿದ್ದಾರೆಯೇ, ಒಪ್ಪುವ ನಿರೀಕ್ಷೆಯಿದೆಯೇ? ದಿನಾಂಕ ಬದಲಾದರೆ ಅಂದೇ ತಿಳಿಸಬೇಕು. ಹಾವೇರಿಯ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ 2021ರಲ್ಲಿ ನಡೆಯಬೇಕಾಗಿದ್ದದ್ದು ಕೋವಿಡ್ ಪಿಡುಗಿನಿಂದ ಮುಂದಕ್ಕೆ ಹೋಗಿ ಹೋಗಿ 2023ರ ಜನವರಿಯಲ್ಲಿ ನಡೆಯಿತು. ಅಂಥ ದೊಡ್ಡ ಸಮ್ಮೇಳನವೇ ಹಾಗಾದರೆ ಊರ ಸಂಘದ ಕಾರ್ಯಕ್ರಮ ಮುಂದೆ ಹೋಗುವುದರಲ್ಲಿ ನಾಚಿಕೆಯೇನಿದೆ? ನಾಚಿಕೆಯಿರುವುದು ತಿಳಿಸದಿರುವುದರಲ್ಲಿ.

ಮುಂಚಿತವಾಗಿ ಕೊಟ್ಟ ಸುದ್ದಿಯನ್ನು ಗೊತ್ತಾದ ಗಳಿಗೆಯವರೆಗೆ ಪ್ರಕಟಿಸಬಾರದೆಂಬ ಕರಾರೂ ಉಂಟು. ಪ್ರಶಸ್ತಿಗಳು, ವರದಿಗಳು, ವಿಜ್ಞಾನದ ಸಂಶೋಧನೆಗಳು ಅನೇಕ ವೇಳೆ ಹೀಗೆ ಬರುತ್ತವೆ. ಬರೆಯುವವನಿಗೆ ಓದಿ ಅರಿಯಲು ಬಿಡುವು ಸಿಗುತ್ತದೆ, ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಇದರ ಬಿಗಿಯನ್ನು ತೋರಿಸುವ ಪ್ರಸಂಗ 1945ರ ಮೇ 7ರದು. ಫ್ರಾನ್ಸಿನ ರ್ಹೀಮ್ಸ್‌ನಲ್ಲಿ ಜರ್ಮನಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದ್ದನ್ನು ನೋಡಲು ಕೆಲವೇ ವರದಿಗಾರರನ್ನು, ಅಪ್ಪಣೆಯಾಗುವವರೆಗೆ ಸುದ್ದಿ ಕಳುಹಿಸುವುದಿಲ್ಲವೆಂಬ ಮಾತು ಪಡೆದು, ಕರೆದೊಯ್ದಿದ್ದರು. ಅವರಲ್ಲಿ ಅಸೋಸಿಯೇಟೆಡ್ ಪ್ರೆಸ್ಸಿನ ಎಡ್ವರ್ಡ್ ಕೆನಡಿ ಒಬ್ಬರು. ಜರ್ಮನರ ರೇಡಿಯೋವೇ ಅದನ್ನು ಹೇಳಿಬಿಟ್ಟಿದೆ, ಇನ್ನು ಗುಟ್ಟಿನಿಂದ ಯಾರ ಪ್ರಾಣವೂ ಉಳಿಯುವುದಿಲ್ಲ ಎಂದು ಬಗೆದು ಅವರು ಸುದ್ದಿಯನ್ನು ಬಿಟ್ಟರು. ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು. 1963ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಕ್ಷಮೆ ಕೇಳಿದ್ದು 2012ರಲ್ಲಿ. ಕೆನಡಿ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಯುದ್ಧ ಮುಗಿದ ಸುದ್ದಿಗೆ ಸಲ್ಲುವ ನ್ಯಾಯ ಊರಿನ ಪ್ರಶಸ್ತಿಯ ಸುದ್ದಿಗೆ ಸಲ್ಲುವುದಿಲ್ಲ. ಅಲ್ಲಿ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳುವುದೇ ಲೇಸು.

ಮುದುಕಿಯ ವಿಷಯಕ್ಕೆ ಬರುತ್ತೇನೆಂದು ಹೇಳಿದ್ದೆ. ಸನ್ಮಾನ ನಡೆದದ್ದು ಬೇಸಗೆಯಲ್ಲಿ. ನಮ್ಮ ಸಂಪಾದಕರು ಆಕೆಯ ಹೆಸರನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದರು. ನವರಾತ್ರಿಯ ಹೊತ್ತಿಗೆ, ಹಾಡನ್ನು ಬರೆದುಕೊಳ್ಳಬಲ್ಲ ಒಬ್ಬರನ್ನೂ ಧ್ವನಿ ಮುದ್ರಿಸುವ ಯಂತ್ರವನ್ನೂ ಜೊತೆಮಾಡಿ ಕಳುಹಿಸುವುದೆಂದು ಗೊತ್ತಾಗಿತ್ತು. ಆಷಾಢದ ಕೊನೆಯಲ್ಲಿ ಒಂದು ಸಂಜೆ ಅದೇ ಕಾರ್ಯದರ್ಶಿ ಬಂದರು. ಈ ಸಲ ಆಮಂತ್ರಣ ಪತ್ರಿಕೆಯಿರಲಿಲ್ಲ, ಒಂದು ಫೋಟೋ ಇತ್ತು. ಸನ್ಮಾನದ ದಿನ ತೆಗೆದದ್ದು. ಶಾಲು ಹೊದಿಸುವವರ ಬೆನ್ನು ಅಡ್ಡ ಬಂದು ಆಕೆಯ ಅರ್ಧ ಮುಖ ಮಾತ್ರ ಕಾಣುತ್ತಿತ್ತು. "ಅಜ್ಜಿ ಹೋಗಿಬಿಟ್ಟರು ಸಾರ್" ಎಂದರು. ಅವರ ಪದಗಳನ್ನು ಯಾರಾದರೂ ಬರೆದುಕೊಂಡಿದ್ದಾರೆಯೇ ಎಂದು ಸಂಪಾದಕರು ಕೇಳಿದರು. ಸೊಸೆಗೆ ಆರೋ ಏಳೋ ಬರುತ್ತವೆ ಎಂದರು ಕಾರ್ಯದರ್ಶಿ.

ಆ ಆರೇಳು ಪದಗಳನ್ನು ನಾವು ತರಿಸಿಕೊಂಡೆವು. ಹೆಣ್ಣು ಒಪ್ಪಿಸುವಾಗ ಹೇಳುವ ಪದ ಅವುಗಳಲ್ಲಿ ಇರಲಿಲ್ಲ.